ಬೋಲ್ಟ್ ರೈಫಲ್ಲು, ಸೆಮಿ ಆಟೊಮ್ಯಾಟಿಕ್ಕು ಮತ್ತು ನನ್ನ ಬಿ.ಪಿ.

ಬಂದೂಕು ಕಂಡರೆ ಬೆವರುವವರಿಗೇ ಬಂದೂಕಿನ ಕೆಲಸ ಗಂಟುಬೀಳುತ್ತದೆ. ದೀಪಾವಳಿಯ ಸುರುಸುರು ಬತ್ತಿಯನ್ನೂ ತೋಳು ಚಾಚಿ, ಮುಖ ತಿರುಗಿಸಿ ಹಿಡಿಯುವವಳು ನಾನು. ಆದರೂ ವಡೋದರಾಕ್ಕೆ ವರ್ಗವಾಗಿ ಬಂದಮೇಲೆ ಇಂಥ ಪ್ರಸಂಗಗಳು ಒಂದರ ಹಿಂದೊಂದು ನನ್ನದೇ ವಿಳಾಸ ಕೇಳಿಕೊಂಡು ಬಂದವು.

೧. ಖಾತೆ ಸಿಕ್ಕಿದ್ದು

ನಮ್ಮದು ರಾಸಾಯನಿಕ ಕಾರ್ಖಾನೆ. ಅಲ್ಲಿ ನಾನು ಆಡಳಿತಾಧಿಕಾರಿ. ಕ್ಯಾಂಟೀನಿನ ದಾಲು, ಸ್ಟಾಫ್ ಬಸ್ಸು, ಕ್ವಾರ್ಟರ್ಸಿನ ಸೋರುವ ನಲ್ಲಿ, ಇಷ್ಟೇ ನನ್ನ ಪ್ರಪಂಚ. ಸೆಕ್ಯುರಿಟಿ ನೋಡಿಕೊಳ್ಳುತ್ತಿದ್ದ ಅಧಿಕಾರಿ ನಿವೃತ್ತರಾದ ಮರುದಿನ ಮ್ಯಾನೇಜರು ಕರೆಸಿ, ಇನ್ನುಮುಂದೆ ಅದೂ ನಿಮಗೇ ಎಂದರು. ನನ್ನನ್ನೇ ಯಾಕೆ ಆರಿಸಿದಿರಿ ಎಂದು ಕೇಳಿದೆ. ನೀವು ಕರ್ನಾಟಕದವರು, ಅಲ್ಲಿ ಮನೆಮನೆಯಲ್ಲೂ ಕೋವಿ ಇಟ್ಟು ಪೂಜೆ ಮಾಡುತ್ತಾರಂತೆ ಎಂದರು. ಅದು ಕೊಡಗು ಸಾರ್, ನಾನು ಗದಗಿನವಳು, ನಮ್ಮ ಮನೆಯಲ್ಲಿದ್ದ ಆಯುಧ ಅಂದರೆ ಈಳಿಗೆ ಮಣೆ ಎಂದೆ. ಅವರು ಸ್ವಲ್ಪ ಯೋಚಿಸಿ ಹೇಳಿದರು:

"ಪರವಾಗಿಲ್ಲ. ಶುರು ಮಾಡಲು ಅಷ್ಟು ಸಾಕು."

೨. ಕಳೆದುಹೋದ ಖಾಲಿ ತೋಟಾ

ನಮ್ಮ ಮುಖ್ಯ ಗೇಟಿನಲ್ಲಿ ಕಂಪನಿಯದೇ ಆರು ಜನ ಗಾರ್ಡುಗಳು. ಎಲ್ಲರೂ ಮಾಜಿ ಸೈನಿಕರು, ಐವತ್ತು ದಾಟಿದವರು, ವರ್ಷವರ್ಷಕ್ಕೆ ಕಾಂಟ್ರಾಕ್ಟು ನವೀಕರಿಸಿಕೊಳ್ಳುವವರು. ಅವರ ಮುಖ್ಯಸ್ಥರನ್ನು ನಾವೆಲ್ಲ ಹವಾಲ್ದಾರರು ಎನ್ನುತ್ತಿದ್ದೆವು. ಅವರ ಕೈಯಲ್ಲಿದ್ದದ್ದು ಹಳೆಯ ಬೋಲ್ಟ್ ರೈಫಲ್ಲು. ಒಂದು ಗುಂಡು ಹಾರಿಸಿದ ಮೇಲೆ, ಬಚ್ಚಲಮನೆಯ ಚಿಲಕದಂತಿರುವ ಬೋಲ್ಟನ್ನು ಕೈಯಿಂದ ಎಳೆದು ತಳ್ಳಿದರೆ ಮಾತ್ರ ಮುಂದಿನ ಗುಂಡು. ಒಳಗಿನ ಪ್ಲಾಂಟು ಕಾಯಲು ಸರ್ಕಾರದ ಭದ್ರತಾ ಪಡೆಯಿತ್ತು. ಅದರ ಇನ್ಸ್‌ಪೆಕ್ಟರ್ ಹತ್ತಿರ ಇದ್ದದ್ದು ಸೆಮಿ ಆಟೊಮ್ಯಾಟಿಕ್. ಅದರಲ್ಲಿ ಟ್ರಿಗರ್ ಎಳೆದರೆ ಸಾಕು, ಮುಂದಿನ ಗುಂಡು ತಾನೇ ಬಂದು ಕೂರುತ್ತದೆ.

ಇಬ್ಬರಿಗೂ ಒಂದೇ ಜಗಳ. ನನ್ನದರಲ್ಲಿ ಗುಂಡು ಹೊರಡುವಾಗ ಒಳಗೆ ಏನೂ ಅಲುಗಾಡುವುದಿಲ್ಲ, ಅದಕ್ಕೇ ಗುರಿ ತಪ್ಪುವುದಿಲ್ಲ ಎಂದು ಹವಾಲ್ದಾರರು. ನನ್ನದರ ಒಳಗಿನದು ಹಿಂದೆ ಸರಿಯುವಷ್ಟರಲ್ಲಿ ಗುಂಡು ನಳಿಗೆ ಬಿಟ್ಟಾಗಿರುತ್ತದೆ, ತಪ್ಪು ಇದ್ದರೆ ಬೆರಳಿನದು ಎಂದು ಇನ್ಸ್‌ಪೆಕ್ಟರ್.

ನಾನು ಹೋದ ಮೊದಲ ಫೈರಿಂಗ್ ಅಭ್ಯಾಸದಲ್ಲಿ ನನ್ನ ಕೆಲಸ ಒಂದೇ: ಎಷ್ಟು ಗುಂಡು ಹಾರಿಸಿದರೋ ಅಷ್ಟು ಖಾಲಿ ತೋಟಾ, ಅಂದರೆ ಗುಂಡಿನ ಹಿತ್ತಾಳೆ ಕವಚ, ವಾಪಸು ಪಡೆದು ಸಹಿ ಹಾಕುವುದು. ಹವಾಲ್ದಾರರು ಒಂದೊಂದನ್ನೂ ಕೈಯಲ್ಲಿ ಹಿಡಿದು, ಪ್ರಸಾದ ಕೊಡುವವರಂತೆ ಕೊಟ್ಟರು. ಇನ್ಸ್‌ಪೆಕ್ಟರ್ ಬಂದೂಕು ಅವನ್ನು ಬಲಕ್ಕೆ ಚಿಮ್ಮುತ್ತಿತ್ತು. ಕೊನೆಗೆ ಎಣಿಸಿದರೆ ಒಂದು ಕಡಿಮೆ.

ಹನ್ನೆರಡು ಜನ ಹುಲ್ಲಿನಲ್ಲಿ ಮೊಣಕಾಲೂರಿ ಹುಡುಕಿದರು. ನನ್ನ ಕಣ್ಣ ಮುಂದೆ ವಿಚಾರಣೆ, ಅಮಾನತು, ಪೇಪರಿನಲ್ಲಿ ಫೋಟೋ, ಎಲ್ಲ ಬಂದುಹೋದವು. ಗಂಡನಿಗೆ ಫೋನ್ ಮಾಡಿ, ಹಿಟ್ಟು ಫ್ರಿಜ್ಜಿನಲ್ಲಿದೆ, ಮಗಳನ್ನು ನೋಡಿಕೊಳ್ಳಿ ಎಂದೆ. "ಯಾಕ, ಎಲ್ಲಿಗೆ ಹೊಂಟಿ?" ಎಂದರು. ಫೋನಿಟ್ಟೆ. ಬಿ.ಪಿ. ಮಾತ್ರೆಗೆಂದು ಬ್ಯಾಗಿನೊಳಗೆ ಕೈಹಾಕಿದೆ. ಮಾತ್ರೆಯ ಬದಲು ಹಿತ್ತಾಳೆಯ ತೋಟಾ ಬೆರಳಿಗೆ ತಗುಲಿತು. ನಾನು ಕೂತಿದ್ದದ್ದೇ ಇನ್ಸ್‌ಪೆಕ್ಟರ ಬಲಕ್ಕೆ.

ಹವಾಲ್ದಾರರು, ನೋಡಿ ನಿಮ್ಮ ಸೆಮಿ ಆಟೊಮ್ಯಾಟಿಕ್ಕು ಮೇಡಮ್ಮನ ಜೀವ ತೆಗೆಯುತ್ತಿತ್ತು ಎಂದು ಹಂಗಿಸಿದರು. ಇನ್ಸ್‌ಪೆಕ್ಟರ್ ನನ್ನ ಬ್ಯಾಗನ್ನು ಎತ್ತಿ ಅದರ ಗೇಣುದ್ದದ ಬಾಯಿಯನ್ನು ಎಲ್ಲರಿಗೂ ತೋರಿಸಿದರು.

"ಇಷ್ಟು ಸಣ್ಣ ಬಾಯಿಗೆ ಖಾಲಿ ತೋಟಾವನ್ನೇ ಸರಿಯಾಗಿ ಹಾಕಿದ ಬಂದೂಕು ಇದು. ಇನ್ನು ಗುರಿಯ ಮಾತು ಎತ್ತಬೇಡಿ."

೩. ನಾಕಾಬಂದಿ

ಆ ವರ್ಷವೇ ಅಹಮದಾಬಾದಿನ ಹೆಡ್ ಆಫೀಸಿನಿಂದ ಪತ್ರ ಬಂತು. ಬೋಲ್ಟ್ ರೈಫಲ್ಲಿಗಿಂತ ಸೆಮಿ ಆಟೊಮ್ಯಾಟಿಕ್ಕೇ ನಿಖರ ಎಂದಾದರೆ ಗೇಟನ್ನೂ ಭದ್ರತಾ ಪಡೆಗೇ ಒಪ್ಪಿಸೋಣ; ಎರಡನ್ನೂ ಹಾರಿಸಿ ನೋಡಿ ವರದಿ ಕೊಡಿ ಎಂದಿತ್ತು. ಅಂದರೆ ಆರು ಮನೆಗಳ ಅನ್ನ ನನ್ನ ವರದಿಯ ತುದಿಯಲ್ಲಿ. ಹವಾಲ್ದಾರರು ಪತ್ರವನ್ನು ಎರಡು ಸಲ ಓದಿಸಿಕೊಂಡರು. ಅವರ ಮಗಳು ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು. ಎರಡು ವಾರ ನನಗೆ ಊಟ ರುಚಿಸಲಿಲ್ಲ.

ಪರೀಕ್ಷೆ ಸೂರತ್‌ನಲ್ಲಿ. ಕಂಪನಿ ವ್ಯಾನಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಹವಾಲ್ದಾರರು, ಇನ್ಸ್‌ಪೆಕ್ಟರು ಮತ್ತು ಬಂದೂಕುಗಳು, ಮುಂದೆ ನಾನು, ತೊಡೆಯ ಮೇಲೆ ಲೈಸೆನ್ಸಿನ ಫೈಲು. ಭರೂಚ್ ಹತ್ತಿರ ಪೊಲೀಸರು ನಾಕಾಬಂದಿ ಹಾಕಿ ಒಂದೊಂದೇ ಗಾಡಿಯನ್ನು ಬಗ್ಗಿ ನೋಡಿ ಬಿಡುತ್ತಿದ್ದರು. ನಮ್ಮ ಸರದಿ ಬಂದಾಗ ಅವರು ಕೇಳುವ ಮೊದಲೇ ನಾನು, ನಮ್ಮ ಹತ್ತಿರ ಏನೂ ಇಲ್ಲ ಎಂದುಬಿಟ್ಟೆ. ಮುಕ್ಕಾಲು ಗಂಟೆ ತಪಾಸಣೆ ನಡೆಯಿತು. ಕಾಗದವೆಲ್ಲ ಸರಿಯಿತ್ತು. ಹೊರಡುವಾಗ ಹವಾಲ್ದಾರರು, ಬಂದೂಕು ಕಂಡು ಅನುಮಾನ ಬಂತೇನೋ ಎಂದರು. ಪೊಲೀಸಿನವನು ಇಲ್ಲವೆಂದ.

"ಬಂದೂಕು ಆಮೇಲೆ ಕಂಡದ್ದು. ಮೊದಲು ಕಂಡದ್ದು ಮೇಡಮ್ಮನ ಮುಖ."

೪. ಐದೈದು ಗುಂಡು

ಸೂರತ್ ಹೊರವಲಯದ ಸಚಿನ್ ಕೈಗಾರಿಕಾ ಪ್ರದೇಶ ದಾಟಿ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರಿನ ವಾಸನೆ ಹಿಂದೆ ಬಿದ್ದಮೇಲೆ ಒಂದು ಬಯಲು. ಅದೇ ಫೈರಿಂಗ್ ರೇಂಜು. ಹೆಡ್ ಆಫೀಸಿನ ಡೈರೆಕ್ಟರು ಛತ್ರಿ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಇಬ್ಬರಿಗೂ ಐದೈದು ಗುಂಡು, ನೂರು ಮೀಟರು.

ಇನ್ಸ್‌ಪೆಕ್ಟರ್ ಮಲಗಿ, ಗುರಿಯಿಟ್ಟು, ಹತ್ತೆಣಿಸುವಷ್ಟರಲ್ಲಿ ಐದೂ ಹಾರಿಸಿ ಎದ್ದರು. ಅಂಗೈ ಅಗಲದೊಳಗೆ ಐದು ತೂತು. ಡೈರೆಕ್ಟರು ತಲೆದೂಗಿದರು. ನಾನು ಮೊದಲನೇ ಮಾತ್ರೆ ನುಂಗಿದೆ.

ಹವಾಲ್ದಾರರು ಮಲಗಿದರು. ಒಂದು, ಎರಡು, ಮೂರು. ನಾನು ದೂರದರ್ಶಕ ಕಣ್ಣಿಗಿಟ್ಟು ತೂತುಗಳನ್ನು ಹುಡುಕಿದೆ. ಮೂರೂ ಮೂರು ದಿಕ್ಕಿಗೆ. ಅಷ್ಟರಲ್ಲಿ ಒಂದು ನವಿಲು ಬಂದು ಗುರಿಹಲಗೆಯ ಮುಂದೆ ನಿಂತಿತು. ಫೈರಿಂಗ್ ನಿಲ್ಲಿಸಲು ಸೀಟಿ ಊದಿದರು. ಹವಾಲ್ದಾರರು ಬೋಲ್ಟು ತೆರೆದು, ಗುಂಡು ತೆಗೆದು, ರೈಫಲ್ಲು ಪಕ್ಕಕ್ಕಿಟ್ಟರು. ರಾಷ್ಟ್ರಪಕ್ಷಿಗೆ ಕಲ್ಲೆಸೆಯಲು ಯಾರಿಗೂ ಧೈರ್ಯವಿಲ್ಲ. ಅದು ನಿಧಾನವಾಗಿ ಗರಿ ಬಿಚ್ಚಿತು. ಅರ್ಧ ಗಂಟೆ ಕಳೆಯಿತು. ನಾನು ಎರಡನೇ ಮಾತ್ರೆ ನುಂಗಿದೆ.

ನವಿಲು ಹೋದಮೇಲೆ ಮತ್ತೆ ಸೀಟಿ ಊದಿದರು. ಹವಾಲ್ದಾರರು ಮಿಸುಕಲಿಲ್ಲ. ಹತ್ತಿರ ಹೋದರೆ ಗೊರಕೆ ಕೇಳಿಸಿತು. ಡೈರೆಕ್ಟರ ಎದುರಿಗೇ, ಆರು ಜನರ ಕೆಲಸ ತೂಗುತ್ತಿರುವಾಗ, ಮನುಷ್ಯ ನಿದ್ದೆ ಹೋಗಿದ್ದರು. ನಾನು ಭುಜ ಅಲುಗಾಡಿಸಿದೆ. ಅವರು ಎದ್ದು, ಕಣ್ಣೊರೆಸಿ, ಶಾಂತವಾಗಿ ಉಳಿದೆರಡನ್ನೂ ಹಾರಿಸಿದರು. ಎರಡೂ ಒಂದೇ ತೂತು ಎನ್ನುವಷ್ಟು ಹತ್ತಿರ, ನಟ್ಟನಡುವೆ.

ಡೈರೆಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಮೊದಲ ಮೂರು ಯಾಕೆ ಹಾಗಾದವು ಎಂದು ಕೇಳಿದರು. ಹದಿನೈದು ದಿನದಿಂದ ಚಿಂತೆಯಲ್ಲಿ ಕಣ್ಣು ಮುಚ್ಚಿರಲಿಲ್ಲ ಸಾಹೇಬ್, ಈಗಷ್ಟೇ ಒಂದು ಒಳ್ಳೆ ನಿದ್ದೆ ಬಂತು ಎಂದರು ಹವಾಲ್ದಾರರು.

ಆಗ ಇನ್ಸ್‌ಪೆಕ್ಟರ್ ಮುಂದೆ ಬಂದು, ತಮಗೂ ಇನ್ನೊಂದು ಅವಕಾಶ ಕೊಡಿ ಎಂದರು. ಕೊಟ್ಟರು. ಅವರೂ ಇಪ್ಪತ್ತು ನಿಮಿಷ ನೆರಳಲ್ಲಿ ಅಡ್ಡಾಗಿ, ಎದ್ದು, ಈ ಸಲ ಆತುರವಿಲ್ಲದೆ ಹಾರಿಸಿದರು. ಐದೂ ಒಂದು ನಾಣ್ಯದ ಅಗಲದಲ್ಲಿ ಕೂತವು. ಇಬ್ಬರೂ ಒಬ್ಬರ ಹಲಗೆಯನ್ನೊಬ್ಬರು ನೋಡಿಕೊಂಡರು. ಆಮೇಲೆ ಇನ್ಸ್‌ಪೆಕ್ಟರೇ ನನ್ನ ಬಳಿ ಬಂದು, ಇಲ್ಲಿ ಬಂದೂಕಿನ ವ್ಯತ್ಯಾಸ ಸಾಸಿವೆಯಷ್ಟು, ಹಾರಿಸುವವನ ಉಸಿರಿನ ವ್ಯತ್ಯಾಸ ಕುಂಬಳಕಾಯಿಯಷ್ಟು, ಹಾಗೇ ಬರೆಯಿರಿ ಮೇಡಂ ಎಂದರು.

ಹಾಗೇ ಬರೆದೆ. ಎರಡೂ ಬಂದೂಕು ಚೆನ್ನಾಗಿವೆ. ನಿಖರತೆ ಹೆಚ್ಚಾಗಿ ಹಾರಿಸುವವನ ನೆಮ್ಮದಿ ಮತ್ತು ನಿದ್ರೆಯನ್ನು ಅವಲಂಬಿಸಿದೆ. ಆದ್ದರಿಂದ ಗಾರ್ಡುಗಳ ಕಾಂಟ್ರಾಕ್ಟನ್ನು ಒಂದು ವರ್ಷದ ಬದಲು ಮೂರು ವರ್ಷಕ್ಕೆ ಮಾಡುವುದು ಸೂಕ್ತ ಎಂದು ಸೇರಿಸಿ, ಕಳಿಸಿದಮೇಲೆ ಒಂದು ವಾರ ನಾನೇ ನಿದ್ದೆ ಮಾಡಲಿಲ್ಲ.

ಎಂಟನೇ ದಿನ ಉತ್ತರ ಬಂತು. ಆರೂ ಜನರಿಗೆ ಮೂರು ವರ್ಷ ಮಂಜೂರು. ಹವಾಲ್ದಾರರು ಟೋಪಿ ತೆಗೆದು ಕಣ್ಣೊರೆಸಿಕೊಂಡರು. ಪತ್ರದ ಕೆಳಗೆ ಡೈರೆಕ್ಟರು ತಮ್ಮ ಕೈಯಾರೆ ಹಸಿರು ಶಾಯಿಯಲ್ಲಿ ಒಂದು ಸಾಲು ಬರೆದಿದ್ದರು. ಅದನ್ನು ಫ್ರೇಮು ಹಾಕಿಸಿ ಗೇಟಿನ ಕೋಣೆಯಲ್ಲಿ ತೂಗುಹಾಕಿದ್ದೇವೆ:

"ವಿಧಾನ ಮೆಚ್ಚುಗೆಯಾಯಿತು. ಆದರೆ ಡ್ಯೂಟಿಯ ಹೊತ್ತಿನಲ್ಲಿ ಅದನ್ನು ಅಭ್ಯಾಸ ಮಾಡತಕ್ಕದ್ದಲ್ಲ."