ಉಗುಳಿದರೆ ಕುಡಿದಂತಲ್ಲ

ಗೋವರ್ಧನ ಬೆಳಿಗ್ಗೆ ತೆಂಗಿನ ಬುಡಕ್ಕೆ ಹೋಗಿ ಕೆಂಪಗೆ ಉಗುಳಿದ. ಅದನ್ನು ಮೀನು ಮಾರುವ ಬಾಗಿ ನೋಡಿದಳು. ಆದದ್ದು ಇಷ್ಟೇ.

ಕೋಟೇಶ್ವರದ ಪಡುಬದಿಯ ಆ ಕೇರಿಯಲ್ಲಿ ಕೆಂಪಗೆ ಉಗುಳದವರೇ ಇರಲಿಲ್ಲ, ನಿಜ. ಆದರೆ ಗೋವರ್ಧನ ಎಲೆಅಡಿಕೆ ಮುಟ್ಟದವನೆಂದು ಕೇರಿಗೆಲ್ಲ ಗೊತ್ತು. ಮೇಲಾಗಿ ಹಡಗಿನ ಕೆಲಸದವನು, ಬೊಂಬಾಯಿಂದ ರಜೆಗೆ ಬಂದವನು. ಬೊಂಬಾಯಿಂದ ಬಂದವನು ಕೆಂಪಗೆ ಉಗುಳಿದರೆ ಅರವತ್ತಮೂರನೇ ಇಸವಿಯಲ್ಲಿ ಅದಕ್ಕೆ ಇದ್ದದ್ದು ಒಂದೇ ಹೆಸರು, ಕ್ಷಯ.

ಅಸಲು ಸಂಗತಿ ಬೇರೆ. ಹಡಗಿನ ಅಡುಗೆಮನೆಯಲ್ಲಿ ಏಳು ವರ್ಷ ತಟ್ಟೆ ತೊಳೆದ ಗೋವರ್ಧನನಿಗೆ ಊಟದ ಕೋಣೆಯಲ್ಲಿ ಬಿಳಿ ಕೋಟು ಹಾಕಿ ಬಡಿಸುವ ಕೆಲಸ ಸಿಗುವುದರಲ್ಲಿತ್ತು. ಅಲ್ಲಿನ ಫ್ರೆಂಚ್ ಮೇಲಧಿಕಾರಿ ಒಂದು ಪರೀಕ್ಷೆ ಇಟ್ಟಿದ್ದ. ಫ್ರಾನ್ಸಿನ ತೆಂಕು ಮೂಲೆಯಲ್ಲಿ, ಮೆಡಿಟರೇನಿಯನ್ ಕಡಲ ಬದಿಗೆ, ರುಸಿಯೋ ಎಂಬ ಸೀಮೆ. ಅಲ್ಲಿ ಗ್ರೆನಾಶ್ ಎಂಬ ದ್ರಾಕ್ಷಿ. ಅದರಿಂದ ಮೂರು ಊರಿನವರು ಮೂರು ಬಗೆಯ ವೈನ್ ಮಾಡುತ್ತಾರೆ: ಬನ್ಯೂಲ್ಸ್, ಕೊಲಿಯೂರ್, ರಿವ್ಸಾಲ್ಟ್. ಕಣ್ಣು ಮುಚ್ಚಿ ರುಚಿ ನೋಡಿ ಯಾವುದು ಯಾವ ಊರಿನದೆಂದು ಹೇಳಿದರೆ ಬಿಳಿ ಕೋಟು, ಇಲ್ಲದಿದ್ದರೆ ಮತ್ತೆ ತಟ್ಟೆ. ಕಲಿತು ಬಾ ಎಂದು ಮೂರು ಸಣ್ಣ ಬಾಟಲಿ ಕೊಟ್ಟು ಕಳಿಸಿದ್ದ.

ಸಂಕಟವೆಂದರೆ, ಒಂದು ಹನಿ ಹೆಂಡವನ್ನೂ ಗಂಟಲಿಗೆ ಇಳಿಸುವುದಿಲ್ಲವೆಂದು ಗೋವರ್ಧನ ಮದುವೆಯಾದ ಹೊಸತರಲ್ಲೇ ಹೆಂಡತಿ ಕುಸುಮಾವತಿಗೆ ಆಣೆ ಮಾಡಿದ್ದ. ಅದಕ್ಕೆ ಫ್ರೆಂಚಿನವನು ನಕ್ಕು, ದೊಡ್ಡ ದೊಡ್ಡ ಪರಿಣತರೂ ಬಾಯಲ್ಲಿ ಹೊರಳಿಸಿ ಉಗುಳಿಬಿಡುತ್ತಾರೆ ಎಂದ. ಉಗುಳಿದರೆ ಕುಡಿದಂತಲ್ಲ! ಗೋವರ್ಧನನಿಗೆ ಹೋದ ಜೀವ ಬಂದಂತಾಯಿತು. ಆದರೂ ಹೆಂಡತಿಗೆ ಹೇಳುವ ಧೈರ್ಯ ಬರಲಿಲ್ಲ. ಅವಳು ಒಲೆಯ ಮುಂದಿದ್ದಾಗ ಕದ್ದು ಮುಚ್ಚಿ ಒಂದೊಂದು ಗುಟುಕು ಬಾಯಿಗೆ ಹಾಕಿ ರಜೆಯೆಲ್ಲ ಕಳೆದರೂ ಮೂರು ಊರೂ ಒಂದೇ ಆಗಿ ಕಲಸಿಹೋಗುತ್ತಿದ್ದವು. ನಾಳೆ ಬೆಳಿಗ್ಗೆ ಹುಬ್ಬಳ್ಳಿ ಬಸ್ಸು, ಅಲ್ಲಿಂದ ಬೊಂಬಾಯಿಗೆ ರೈಲು. ಉಳಿದದ್ದು ಇವತ್ತೊಂದೇ ದಿನ.

ಬಾಗಿ ಬುಟ್ಟಿ ಇಳಿಸಿ, ಅದೆಂಥ ಕೆಂಪು ಎಂದು ಕೇಳಿದಳು. ವೈನ್ ಎನ್ನುವ ಹಾಗಿಲ್ಲ. ಜಿಲ್ಲೆಯಲ್ಲಿ ಪಾನನಿರೋಧ, ಬಾಗಿಯ ಅಳಿಯ ಪೊಲೀಸು. ಗೋವರ್ಧನ ವಸಡಿನ ರಕ್ತ ಎಂದುಬಿಟ್ಟ. ಬಾಗಿ ಆ ಮನೆಗೆ ಮೀನು ಕೊಡುವುದನ್ನೂ ಮರೆತು ನೆಟ್ಟಗೆ ಚಂದಯ್ಯನಲ್ಲಿಗೆ ಹೋದಳು.

ಚಂದಯ್ಯ ಬೊಂಬಾಯಿ ಹೋಟೆಲಿನಲ್ಲಿ ದುಡಿದು ಬಂದ ಹಿರಿಯ. ಯಾವ ರೋಗದ ಹೆಸರು ಹೇಳಿದರೂ ಅದರಲ್ಲಿ ಸತ್ತ ಸ್ನೇಹಿತನೊಬ್ಬ ಅವನಿಗೆ ಇದ್ದೇ ಇರುತ್ತಿದ್ದ. ಬಂದವನು ಗೋವರ್ಧನನ ಅಂಗಳದ ತುದಿಯಲ್ಲೇ ನಿಂತ.

“ಕಿಟ್ಟನೂ ವಸಡ್ ಅಂದೇ ಹೇಳ್ತಿದ್ದ, ಪಾಪ,” ಎಂದ.

ಆ ಕಿಟ್ಟ ಆಸ್ಪತ್ರೆಯಲ್ಲಿ ಹೇಗೆ ಕಣ್ಣು ಮುಚ್ಚಿದನೆಂದು ಹೇಳಿ ಮುಗಿಸುವ ಹೊತ್ತಿಗೆ ಅಂಗಳ ತುಂಬಿ, ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸುತ್ತಿದ್ದರು. ಒಬ್ಬರು ಆಡಿನ ಹಾಲು ಕುಡಿಸಿ ಎಂದರು, ಒಬ್ಬರು ಏಡಿ ಸಾರು ಎಂದರು, ಇನ್ನೊಬ್ಬರು ಅವನ ತಲೆದಿಂಬು ಸುಟ್ಟುಬಿಡಿ ಎಂದರು. ನನಗೇನೂ ಆಗಿಲ್ಲ ಎಂದು ಹೇಳಹೋದ ಗೋವರ್ಧನನಿಗೆ ಗಾಬರಿಯಲ್ಲಿ ಎಂಜಲು ನೆತ್ತಿಗೇರಿ ಕೆಮ್ಮು ಬಂತು. ಇಡೀ ಅಂಗಳ ಒಟ್ಟಿಗೇ ಹಿಂದೆ ಸರಿಯಿತು.

ಕುಸುಮಾವತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಅಳಲಿಲ್ಲ, ಏನೂ ಕೇಳಲಿಲ್ಲ. ಒಳಗೆ ಹೋಗಿ ಒಳ್ಳೆ ಸೀರೆ ಉಟ್ಟು, ಕುಂಭಾಶಿ ಗಣಪತಿಯ ಗುಡಿಗೆ ಹೋಗಿ ಬರುತ್ತೇನೆಂದು ಹೊರಟೇಬಿಟ್ಟಳು. ಕರೆದು ನಿಜ ಹೇಳೋಣವೆಂದರೆ ಚಂದಯ್ಯ ಇನ್ನೂ ಅಲ್ಲೇ ನಿಂತಿದ್ದ.

ಆಮೇಲೆ ಆ ಮನೆಯ ಕಡೆಗೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಗೋವರ್ಧನನಿಗೆ ಹುಟ್ಟಿದ ಮೇಲೆ ಇಂಥ ನಿಶ್ಚಿಂತೆ ಸಿಕ್ಕಿದ್ದೇ ಇಲ್ಲ. ಬಾಗಿಲು ಹಾಕಿ ಬಾಟಲಿ ಮುಂದಿಟ್ಟು ಕುಳಿತ. ಬನ್ಯೂಲ್ಸ್ ಒಣದ್ರಾಕ್ಷಿ ಹಾಕಿ ಕಾಯಿಸಿದ ಬೆಲ್ಲದಂತೆ. ಕೊಲಿಯೂರ್ ಪುನರ್ಪುಳಿ ಸಿಪ್ಪೆಯ ಒಗರು, ಹಿಂದಿನಿಂದ ಒಂದು ಕಾಳುಮೆಣಸು. ರಿವ್ಸಾಲ್ಟ್ ತಾಳೆಗರಿಯಲ್ಲಿ ಕಟ್ಟಿದ ಹಳೇ ಓಲೆಬೆಲ್ಲ. ಕಣ್ಣು ಮುಚ್ಚಿ ಬಾಟಲಿಗಳನ್ನು ಹಿಂದೆ ಮುಂದೆ ಮಾಡಿ ನೋಡಿದ. ಎಷ್ಟು ಸಲ ನೋಡಿದರೂ ಸರಿ! ಕುಣಿಯಬೇಕೆನಿಸಿತು. ಆದರೆ ಕುಸುಮಾವತಿ ಹಸಿದುಕೊಂಡು ಬಿಸಿಲಲ್ಲಿ ದೇವಸ್ಥಾನಕ್ಕೆ ನಡೆಯುತ್ತಿರುವುದು ನೆನಪಾಗಿ ಬಾಟಲಿಗಳಿಗೆ ಬಿರಡೆ ಹಾಕಿದ.

ಸಂಜೆ ಅವಳು ಬಂದಳು. ಮುಖ ಬಾಡಿತ್ತು. ಗೋವರ್ಧನನಿಗೆ ತಡೆಯಲಾಗಲಿಲ್ಲ.

“ನಂಗೆ ಎಂತದೂ ಆಯ್ಲಿಲ್ಲ ಕುಸುಮಾ. ಅದ್ ರಕ್ತ ಅಲ್ಲ, ದ್ರಾಕ್ಷಿ ಸರಾಯಿ. ಕುಡೀಲಿಲ್ಲ, ನಿನ್ನಾಣೆ, ಎಲ್ಲ ಉಗ್ದದ್ದೇ.”

ಅವಳು ಬಾಟಲಿಗಳನ್ನು ಒಂದೊಂದಾಗಿ ಮೂಸಿದಳು. ನಿಜಕ್ಕೂ ನುಂಗಲಿಲ್ಲವೇ ಎಂದು ಇನ್ನೊಮ್ಮೆ ಕೇಳಿದಳು. ಆಮೇಲೆ ಪ್ರಸಾದ ಬಿಚ್ಚಿ ಅವನ ಹಣೆಗೆ ಗಂಧ ಹಚ್ಚಿದಳು. ಅವಳ ಕೈ ತಣ್ಣಗಿತ್ತು. ಗೋವರ್ಧನ ಗೆದ್ದೆನೆಂದುಕೊಂಡು ಬಿಳಿ ಕೋಟಿನ ವರ್ಣನೆ ಮಾಡುತ್ತಾ ಟ್ರಂಕಿಗೆ ಬಟ್ಟೆ ತುಂಬತೊಡಗಿದ.

“ಬಟ್ಟಿ ತುಂಬುದ್ ಬ್ಯಾಡ,” ಎಂದಳು ಕುಸುಮಾವತಿ. “ನಿಮ್ಗೆ ಎಂತ ಕಾಯ್ಲಿಯೂ ಇಲ್ಲ ಅಂತಾದ್ರೆ ಇನ್ನ್ ಹಡಗ್ ಹತ್ತುಕೆ ಬಿಡುದಿಲ್ಲ ಅಂದೇಳಿ ಗಣಪತಿಗೆ ಹರಕಿ ಹೇಳ್ಕಂಡ್ ಬಂದೆ.”

“ಕಾಯ್ಲಿ ಇರ್ಲೇ ಇಲ್ಲ ಅಲ್ದಾ ಮಾರಾಯ್ತಿ.”

“ಇಲ್ಲ ಅಂತ ಆಯ್ಲಿ ಅಂತ್ಲೇ ಕೇಂಡದ್. ದೇವ್ರ್ ನಡೆಸಿ ಕೊಟ್ರ್.”

ಗೋವರ್ಧನ ವಕೀಲರ ಹಾಗೆ ವಾದಿಸಿದ. ಇಲ್ಲದ ರೋಗಕ್ಕೆ ಹೇಳಿಕೊಂಡ ಹರಕೆ ಹರಕೆಯೇ ಅಲ್ಲ ಎಂದ. ಚಂದಯ್ಯನ ಮಾತು ನಂಬಿ ಹೀಗೆ ಮಾಡುವುದೇ ಎಂದು ಬೈದ.

ಕುಸುಮಾವತಿ ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಿದ್ದಳು. “ಚಂದಯ್ಯಣ್ಣನ ಮಾತ್ ನಾ ಎಲ್ಲ್ ನಂಬಿದೆ? ರಕ್ತ ಉಗ್ದವ್ರ್ ಯಾರಾರೂ ಆಮೇಲೆ ಬಾಯಿ ಚಪ್ಪರ್ಸ್ತ್ರಾ?”

ಗೋವರ್ಧನ ಕೈಯಲ್ಲಿದ್ದ ಅಂಗಿಯನ್ನು ಟ್ರಂಕಿನೊಳಗೆ ಬಿಟ್ಟ. ಎಲ್ಲ ಗೊತ್ತಿದ್ದೂ ಹರಕೆ ಯಾಕೆ ಹೇಳಿಕೊಂಡೆ ಎಂದು ಮೆಲ್ಲಗೆ ಕೇಳಿದ.

“ವರ್ಷಕ್ಕ್ ಒಂದ್ ತಿಂಗ್ಳ್ ನೀವ್ ಮನೆಯಲ್ ಇಪ್ಪುದ್,” ಎಂದಳು ಅವಳು. “ಹೋಪುದ್ ಬ್ಯಾಡ ಅಂದೇಳಿ ನಾ ಹೇಳಿರೆ ನೀವ್ ಕೇಂತಿದ್ರ್ಯಾ?”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗೋವರ್ಧನ ಟ್ರಂಕಿನಿಂದ ಅಂಗಿಗಳನ್ನು ಒಂದೊಂದಾಗಿ ಹೊರಗೆ ತೆಗೆದು ಅವಳ ಕೈಗೆ ಕೊಡತೊಡಗಿದ.