ರಗ್ಬಿಗೊಂದು ಊರು ಹುಡುಕಿದ ನಾಲ್ವರು

ನಮ್ಮ ನಾಲ್ವರಿಗೆ ಇಂಥವು ಆಗುತ್ತಲೇ ಇರುತ್ತವೆ. ಒಂದು ಸಲ ಆದರೆ ಗ್ರಹಚಾರ ಎಂದು ಸುಮ್ಮನಿರಬಹುದು. ಪ್ರತಿ ಸಲವೂ ಆದರೆ ಏನೆನ್ನಬೇಕೆಂದು ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಕೂರುವ ಜ್ಯೋತಿಷಿಯೊಬ್ಬನನ್ನು ಕೇಳಿದೆ. ಆತ ನನ್ನ ಅಂಗೈ ನೋಡಿ, "ನಿಮಗ ಜಲಗಂಡಾಂತರ ಐತ್ರಿ ಮಾಸ್ತರ" ಎಂದ. ಕುಡಿಯಲು ನೀರು ಕಾಯುವ ಈ ಜಿಲ್ಲೆಯಲ್ಲಿ ಜಲಗಂಡಾಂತರವೇ ಎಂದು ನಕ್ಕು ಎದ್ದು ಬಂದೆ. ನಗಬಾರದಿತ್ತು.

ನಾನು ತಿಕೋಟಾದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಪಿ.ಟಿ. ಮಾಸ್ತರನಾಗಿದ್ದವನು. ನನಗಿದ್ದದ್ದು ಒಂದೇ ಆಸೆ: ನಿವೃತ್ತಿಯಾಗುವುದರೊಳಗೆ ಒಂದು ರಗ್ಬಿ ಪಂದ್ಯವನ್ನು ಕಣ್ಣಾರೆ ನೋಡಬೇಕು. ಟಿ.ವಿ.ಯಲ್ಲಲ್ಲ, ಫೋನಿನಲ್ಲಲ್ಲ. ಮೈದಾನದ ಅಂಚಿನಲ್ಲಿ ನಿಂತು, ಆ ಧಡೂತಿ ಗಂಡಸರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಸದ್ದು ಕಿವಿಗೆ ಬೀಳುವಷ್ಟು ಹತ್ತಿರದಿಂದ. ಇದೇನು ದೊಡ್ಡ ಆಸೆಯೇ? ಜನ ಕಾಶಿಗೆ ಹೋಗಬೇಕೆನ್ನುತ್ತಾರೆ, ಹೋಗಿಯೂ ಬರುತ್ತಾರೆ.

೧. ಸೊಟ್ಟ ಚೆಂಡು

ಎಲ್ಲ ಶುರುವಾದದ್ದು ಒಂದು ತರಬೇತಿಯಿಂದ. ಪಿ.ಟಿ. ಮಾಸ್ತರರನ್ನೆಲ್ಲ ಕರೆಸಿ ಮೂರು ದಿನ ರಗ್ಬಿ ಕಲಿಸಿದರು. ಚೆಂಡನ್ನು ಕೈಯಲ್ಲಿ ಹಿಡಿದು ಎದುರಿನವರ ಗೆರೆ ದಾಟಬೇಕು; ಆದರೆ ಜೊತೆಗಾರನಿಗೆ ಕೈಯಿಂದ ಎಸೆಯುವಾಗ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೇ ಎಸೆಯಬೇಕು. ಮುಂದೆ ಹೋಗಲು ಹಿಂದೆ ಎಸೆಯುವ ಆಟ! ನಾನು ಮರುಳಾಗಿ ಹೋದೆ. ಬರುವಾಗ ಶಾಲೆಗೆಂದು ಒಂದು ಚೆಂಡನ್ನೂ ಕೊಟ್ಟರು.

ಮುಖ್ಯೋಪಾಧ್ಯಾಯರು ಆ ಚೆಂಡನ್ನು ಮೇಜಿನ ಮೇಲಿಟ್ಟು ಉರುಳಿಸಿದರು. ಅದು ತನಗೆ ತೋಚಿದ ಕಡೆ ಹೊರಳಿ ಕೆಳಗೆ ಬಿತ್ತು.

"ಮಾಸ್ತರ, ಚೆಂಡು ಸೊಟ್ಟ ಆಗೇತಲ್ರೀ?"

"ಇದರ ಆಕಾರನ ಹಿಂಗ ರೀ, ಸರ್."

"ಎಲ್ಲಾರಿಗೂ ಹಿಂಗ ಕೊಟ್ಟಾರೋ, ನೀವು ಸಾಧು ಮನಷ್ಯಾ ಅಂತ ನಿಮಗಷ್ಟ ಇಂಥಾದ್ದು ಕೊಟ್ಟು ಕಳಿಸ್ಯಾರೋ?"

ನಾನು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ದಾಸ್ತಾನು ವಹಿಯಲ್ಲಿ ತಮ್ಮ ಕೈಯಾರೆ ಬರೆದರು: 'ಚೆಂಡು ಒಂದು. ದೋಷಯುಕ್ತ. ಬದಲಿ ಬರುವವರೆಗೆ ಬಳಸತಕ್ಕದ್ದಲ್ಲ.' ಆಮೇಲೆ ನಾಲ್ಕು ಮಂದಿ ಮುಖ್ಯೋಪಾಧ್ಯಾಯರು ಬದಲಾದರು. ಚೆಂಡಿನ ಬದಲಿ ಮಾತ್ರ ಇನ್ನೂ ಬಂದಿಲ್ಲ.

೨. ನಾಲ್ಕು ಮತ

ಈ ಹುಚ್ಚಿಗೆ ನನಗೆ ಮೂವರು ಜೊತೆಗಾರರು ಸಿಕ್ಕರು. ಒಬ್ಬರು ಸಿದ್ಧೇಶ್ವರ ಗುಡಿಯ ಓಣಿಯ ಬಟ್ಟೆ ಅಂಗಡಿ ಸಾವಕಾರರು. ಸೀರೆ ಖರೀದಿಗೆಂದು ಸೂರತ್ತಿಗೆ ಹೋದಾಗ ಲಾಡ್ಜಿನ ಟಿ.ವಿ.ಯ ರಿಮೋಟ್ ಕೆಟ್ಟು, ಎರಡು ದಿನ ಒಂದೇ ಚಾನೆಲ್ ನೋಡಿದವರು. ಅದರಲ್ಲಿ ಬರುತ್ತಿದ್ದದ್ದು ರಗ್ಬಿ. ಇನ್ನೊಬ್ಬರು ಬಬಲೇಶ್ವರದ ವಕೀಲರು. ಈ ಆಟದಲ್ಲಿ ಎಂಥ ಪೈಲ್ವಾನನೂ ರೆಫರಿಗೆ 'ಸರ್' ಎಂದು ಸುಮ್ಮನಾಗುವುದನ್ನು ಕಂಡು, "ಇಂಥಾ ಕೋರ್ಟು ನಾ ಎಲ್ಲೂ ನೋಡಿಲ್ಲ" ಎಂದು ಭಕ್ತರಾದವರು. ಮೂರನೆಯವರು ಕನಮಡಿಯ ದ್ರಾಕ್ಷಿ ತೋಟದ ಗೌಡರು. ಎಂಟೆಂಟು ಮಂದಿ ತಲೆಗೆ ತಲೆ ಕೊಟ್ಟು ತಳ್ಳಾಡುವುದನ್ನು ನೋಡಿ, "ಕೆಸರಾಗ ಹುಗದ ಟ್ರ್ಯಾಕ್ಟರ್ ತಳ್ಳೂದಕ್ಕೂ ಇದಕ್ಕೂ ಏನ್ ಫರಕ್ ಐತ್ರಿ? ಇದು ನಮ್ಮದ ಆಟ" ಎಂದವರು.

ವಾರಕ್ಕೊಮ್ಮೆ ಸಾವಕಾರರ ಅಂಗಡಿಯ ಗಾದಿಯ ಮೇಲೆ ಕೂತು ಚಹಾ ಕುಡಿದು ರಗ್ಬಿಯ ಮಾತಾಡುವುದು ನಮ್ಮ ಪದ್ಧತಿ. ಒಂದು ದಿನ ವಕೀಲರು ಫೋನು ಹಿಡಿದುಕೊಂಡು ಓಡಿ ಬಂದರು. ರಗ್ಬಿಯ ಒಂದು ವೆಬ್‌ಸೈಟಿನವರು ಅಭಿಮಾನಿಗಳನ್ನು ಕೇಳಿದ್ದರು: ಮುಂದೆ ಅಂತರರಾಷ್ಟ್ರೀಯ ಪಂದ್ಯಗಳು ಎಲ್ಲಿ ನಡೆಯಬೇಕು? ಒಂದು ಸಂಘ ಒಂದು ಜಾಗವನ್ನು ಮಾತ್ರ ಸೂಚಿಸಬಹುದು.

"ಇದರಾಗ ಇಚಾರ ಮಾಡೂದೇನೈತಿ? ಬಿಜಾಪುರ ಅಂತ ಬರೀರಿ. ಬಂದವರಿಗೆ ಇಳಕೊಳ್ಳಾಕ ಲಾಡ್ಜ್ ಬೇಕಲ್ಲ" ಎಂದರು ಸಾವಕಾರರು.

"ಲಾಡ್ಜಿನಾಗ ಆಡ್ತಾರೇನ್ರಿ? ಕನಮಡ್ಯಾಗ ಜಾಗಾ ಐತಿ, ಗಾಳಿ ಐತಿ" ಎಂದರು ಗೌಡರು.

"ಬಬಲೇಶ್ವರ ತಾಲೂಕಿಗೆ ಅನ್ಯಾಯ ಆದ್ರ ನಾ ಸುಮ್ಮ ಕುಂದ್ರಾಂವಲ್ಲ" ಎಂದರು ವಕೀಲರು.

ನಾನು ಮೆಲ್ಲಗೆ ತಿಕೋಟಾದ ಹೆಸರು ತೆಗೆದೆ. ಮೂವರೂ ನನ್ನನ್ನು ಕನಿಕರದಿಂದ ನೋಡಿದರು.

ಕೊನೆಗೆ ಚೀಟಿ ಬರೆದು ಸೀರೆಯ ಡಬ್ಬಿಯಲ್ಲಿ ಹಾಕಿದೆವು. ನಾಲ್ಕು ಊರಿಗೆ ಒಂದೊಂದು ಮತ. ಮತ್ತೊಮ್ಮೆ ಹಾಕಿದೆವು, ಮತ್ತೆ ಅದೇ. ಆಗ ವಕೀಲರು, "ಎಲ್ಲಾರೂ ತಮ್ಮೂರು ಬಿಟ್ಟು ಎರಡನೇ ಪಸಂತಿ ಬರೀರಿ" ಎಂದು ದಾರಿ ತೋರಿಸಿದರು. ಚೀಟಿ ತೆರೆದೆವು. ನ್ಯೂಜಿಲೆಂಡ್. ನ್ಯೂಜಿಲೆಂಡ್. ನ್ಯೂಜಿಲೆಂಡ್. ನಾಲ್ಕನೆಯದು ಸಾವಕಾರರ ಕೈಬರಹ: 'ಎಲ್ಲಿ ಬೇಕಾದ್ರೂ ಆಗಲಿ, ಕನಮಡಿ ಬ್ಯಾಡ.'

ನಮ್ಮೂರಿಗೆ ಬರದಿದ್ದರೆ ಪಕ್ಕದೂರಿಗೂ ಬರಬಾರದು. ಮೂರು ಚೀಟಿಗಳಲ್ಲಿ ಒಂದು ನನ್ನದೇ ಎನ್ನಲು ನನಗೆ ನಾಚಿಕೆಯಾಗುತ್ತದೆ. ವಿಜಯಪುರ ಜಿಲ್ಲೆಯ ಅಭಿಮಾನಿಗಳ ಬಹುಮತದ ಶಿಫಾರಸು ನ್ಯೂಜಿಲೆಂಡ್ ಎಂದು ಬರೆದು ಕಳಿಸಿದೆವು. ಮುಂದೆ ಅಲ್ಲಿ ಪಂದ್ಯ ನಡೆದ ಸುದ್ದಿ ಬಂದಾಗ ವಕೀಲರು ಕಣ್ಣರಳಿಸಿ, "ನಮ್ಮ ಮಾತಿಗೆ ಬೆಲಿ ಕೊಟ್ಟಾರ ನೋಡ್ರಿ!" ಎಂದರು.

೩. ಹುಲ್ಲಿನ ಕಾವಲು

ನನ್ನ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಆಗ ಸಾವಕಾರರಿಗೆ ಪುಣೆಯ ಗಿರಾಕಿಯೊಬ್ಬರ ಮೂಲಕ ಅಲ್ಲಿನ ಒಂದು ರಗ್ಬಿ ಕ್ಲಬ್ಬಿನ ಪರಿಚಯವಾಯಿತು. 'ಸರಿಯಾದ ಮೈದಾನ ತೋರಿಸಿ, ಎರಡು ತಂಡ ಕರಕೊಂಡು ಬಂದು ಆಡುತ್ತೇವೆ' ಎಂದರು ಅವರು. ತಂಡದಲ್ಲಿ ನಾಲ್ವರು ಪರದೇಶದ ವಿದ್ಯಾರ್ಥಿಗಳೂ ಇದ್ದರಂತೆ.

"ಪರದೇಶದವರು ಆಡಿದ್ರ ಅದು ಅಂತರರಾಷ್ಟ್ರೀಯ ಪಂದ್ಯನ. ಬೇಕಾದ್ರ ಛಾಪಾ ಕಾಗದದ ಮ್ಯಾಲ ಬರದು ಕೊಡ್ತೇನಿ" ಎಂದರು ವಕೀಲರು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇನ್ನು ಬೇಕಾದದ್ದು ಮೈದಾನ ಒಂದೇ. ಮೊದಲ ಸರದಿ ಸಾವಕಾರರದು. ವಿಜಯಪುರದ ಹಳೆಯ ಕಟ್ಟಡವೊಂದರ ಮುಂದಿನ ಹುಲ್ಲಿನ ಅಂಗಳಕ್ಕೆ ನಮ್ಮನ್ನು ಕರೆದೊಯ್ದರು. ಹಸಿರೆಂದರೆ ಹಸಿರು. ಕಾಲಿಡುವಷ್ಟರಲ್ಲಿ ಕಾವಲುಗಾರ ಸೀಟಿ ಊದಿದ.

"ಹುಲ್ಲಿನ ಮ್ಯಾಲ ನಡ್ಯಾಂಗಿಲ್ರಿ."

"ನಡಿಯೂದಿಲ್ಲಪಾ, ಓಡ್ತಾರ" ಎಂದರು ಸಾವಕಾರರು, ಸಹಾಯವಾಗಲಿ ಎಂದು.

ಬಾಯಲ್ಲಿ ಹೇಳಿದರೆ ತಿಳಿಯದೆಂದು ನಾನು ಫೋನಿನಲ್ಲಿ ಒಂದು ಪಂದ್ಯ ಹಚ್ಚಿ ಅವನ ಕೈಗೆ ಕೊಟ್ಟೆ. ಐದು ನಿಮಿಷ ಕಣ್ಣು ಮಿಟುಕಿಸದೆ ನೋಡಿದ. ಸಿಕ್ಕ ಇನ್ನೊಬ್ಬ ಅಭಿಮಾನಿ ಎಂದುಕೊಂಡೆ. ಆತ ಫೋನು ಮರಳಿ ಕೊಟ್ಟು, ಬಹಳ ಬೇಜಾರಿನಿಂದ ಕೇಳಿದ:

"ಯಪ್ಪಾ, ಇಷ್ಟು ಮಂದಿ ಹುಲ್ಲು ಕಿತ್ತಾಡಿ ಹೊಡದಾಡಾಕತ್ತಾರ, ಒಬ್ಬಾಂವ ಸೀಟಿ ಊದಕೋತ ಸುಮ್ಮ ಅಡ್ಡಾಡಾಕತ್ತಾನ. ಅವನ ಮಾತೂ ಯಾರೂ ಕೇಳವಲ್ರಲ್ಲ. ಅಂವನೂ ನನ್ನಂಗ ವಾಚಮನ್ ಅದಾನೇನ್ರಿ?"

೪. ಗಡಿಯ ಹೊಲ

ಎರಡನೆಯ ಸರದಿ ಗೌಡರದು. ಕನಮಡಿಯ ಆಚೆ ಅವರದೊಂದು ಬರಡು ಹೊಲ. ಅದರ ಬದುವಿಗೆ ಹೊಂದಿಕೊಂಡೇ ಮಹಾರಾಷ್ಟ್ರ.

"ಒಂದು ಗೋಲಿನ ಕಂಬ ಕರ್ನಾಟಕದಾಗ, ಇನ್ನೊಂದು ಮಹಾರಾಷ್ಟ್ರದಾಗ. ಇದಕ್ಕಿಂತ ದೊಡ್ಡ ಅಂತರರಾಷ್ಟ್ರೀಯ ಜಾಗಾ ಎಲ್ಲಿ ಸಿಗತೈತಿ ಹೇಳ್ರಿ" ಎಂದರು ಗೌಡರು.

"ನಡುವ ಯಾರರ ಕಾಲು ಮುರಕೊಂಡ್ರ ಯಾವ ಠಾಣೆಗೆ ಹೋಗೂದು?" ಎಂದು ವಕೀಲರು ಚಿಂತೆಗೆ ಬಿದ್ದರು.

ನೆಲದ ತುಂಬ ಕಲ್ಲು. ಇಲ್ಲಿ ಬಿದ್ದವನು ಏಳಲಾರ ಎಂದು ನಾನೆಂದೆ. ಬಿದ್ದು ತೋರಿಸಿದರೆ ಗೊತ್ತಾಗುತ್ತದೆ ಎಂದರು ಗೌಡರು. ಸರಿ, ಇಬ್ಬರು ಈ ಕಡೆ ಇಬ್ಬರು ಆ ಕಡೆ ನಿಂತು, ಬಗ್ಗಿ, ಹೆಗಲಿಗೆ ಹೆಗಲು ಕೊಟ್ಟು, ತಲೆಗೆ ತಲೆ ಸೇರಿಸಿ ತಳ್ಳತೊಡಗಿದೆವು. ಐವತ್ತು ದಾಟಿದ ನಾಲ್ವರು, ಮಟಮಟ ಮಧ್ಯಾಹ್ನ, ಬದುವಿನ ಮೇಲೆ.

ಅದೇ ಹೊತ್ತಿಗೆ ಗೌಡರ ಮನೆಯಾಕೆ ಚಹಾ ತಂದರು. ನಮ್ಮನ್ನು ನೋಡಿದವರೇ ಕಿಟ್ಲಿ ಕೈಬಿಟ್ಟು ಕೂಗಿದರು:

"ಅಯ್ಯಯ್ಯ, ಓಡಿ ಬರ್ರಿ ಯಪ್ಪಾ! ಬದುವಿನ ಸಲುವಾಗಿ ಹೊಡದಾಡಾಕತ್ತಾರ!"

ಹೊಲದ ಸೀಮೆಯಲ್ಲಿ ಬದುವಿನ ಜಗಳ ಎಂಬ ಮಾತಿಗೆ ಓಡಿ ಬರದವನು ಯಾರು? ಎರಡೂ ರಾಜ್ಯದಿಂದ ಜನ ಬಂದರು. ನಮ್ಮನ್ನು ಬಿಡಿಸಲು ಆ ಕಡೆಯವರು ಆ ಕಡೆಗೆ, ಈ ಕಡೆಯವರು ಈ ಕಡೆಗೆ ಜಗ್ಗಿದರು. ಒಬ್ಬರ ಮೇಲೊಬ್ಬರು ಬಿದ್ದರು. ಪುಣೆಯವರು ಬಂದು ಆಡಿದ್ದರೂ ಇದಕ್ಕಿಂತ ಚೆನ್ನಾಗಿ ಆಡುತ್ತಿರಲಿಲ್ಲ. ಆದರೆ ನಾನು ಎಲ್ಲರಿಗಿಂತ ಕೆಳಗಿದ್ದೆ, ನನಗೇನೂ ಕಾಣಲಿಲ್ಲ.

ಆಮೇಲೆ ಬೇವಿನ ಮರದ ಕೆಳಗೆ ಕೂಡಿಸಿ ಹಿರಿಯರು ವಿಚಾರಣೆ ಮಾಡಿದರು. ಇದು ಆಟ ಎಂದು ನಾವು ಆಣೆ ಮಾಡಿ ಹೇಳಿದೆವು. ಅಷ್ಟರಲ್ಲಿ ಅಲ್ಲಿಯವರೆಗೆ ಸುಮ್ಮನಿದ್ದ ಪಕ್ಕದ ಹೊಲದವನು ಗಂಟಲು ಸರಿಮಾಡಿಕೊಂಡು, "ಈಗ ಮಾತು ಬಂದೈತಿ ಅಂದ್ರ ಹೇಳ್ತೇನಿ. ಈ ಬದು ನಮ್ಮ ಕಡೆ ಎರಡು ಮೊಳ ಸರದೈತ್ರಿ" ಎಂದ.

ಆ ವ್ಯಾಜ್ಯ ಇನ್ನೂ ನಡೆದಿದೆ. ಗೌಡರ ಪರವಾಗಿ ನಮ್ಮ ವಕೀಲರೇ ನಿಂತಿದ್ದಾರೆ. ರಗ್ಬಿಯಿಂದ ನಾಲ್ವರಲ್ಲಿ ಯಾರಿಗಾದರೂ ಲಾಭವಾಗಿದ್ದರೆ ಅವರೊಬ್ಬರಿಗೇ.

೫. ಕೆರೆಯ ಅಂಗಳ

ಕೊನೆಗೆ ವಕೀಲರು ನಮ್ಮನ್ನು ಮಮದಾಪುರಕ್ಕೆ ಕರೆದೊಯ್ದರು. ಹಳೆಯ ಕಾಲದ ದೊಡ್ಡ ಕೆರೆ, ನೀರಿಲ್ಲದೆ ವರ್ಷಗಟ್ಟಲೆ ಒಣಗಿ ಬಿದ್ದಿತ್ತು. ಏರಿ ಹತ್ತಿ ಕೆಳಗೆ ನೋಡಿದೆ. ಅಂಗೈಯಂಥ ನೆಲ. ಒಂದು ಕಲ್ಲಿಲ್ಲ. ಕುರಿ ಮೇದು ಮೇದು ಸಮನಾದ ಸಣ್ಣ ಹುಲ್ಲು. ಸುತ್ತಲೂ ಏರಿ, ಜನ ಕೂತು ನೋಡಲು ಹೇಳಿ ಮಾಡಿಸಿದ ಹಾಗೆ. ಮಾಸ್ತರನಾಗಿ ಮೂವತ್ತು ವರ್ಷದಲ್ಲಿ ಅಂಥ ಮೈದಾನ ನಾನು ಕಂಡಿರಲಿಲ್ಲ. ನಾಲ್ವರೂ ಮೊದಲ ಸಲ ಒಂದೇ ಊರಿಗೆ ಒಪ್ಪಿದೆವು.

ಅಲ್ಲಿನ ಹಿರಿಯರೊಬ್ಬರನ್ನು ಕೇಳಿದೆವು. "ಆಡ್ರಿ, ಆಡ್ರಿ. ಇಲ್ಲಿ ಕುರಿ ಬಿಟ್ರ ಯಾರು ಬರ್ತಾರ?" ಎಂದರು.

ಬಬಲೇಶ್ವರದಲ್ಲಿ ಕಬ್ಬಿಣದ ಪೈಪು ತಂದು ವೆಲ್ಡಿಂಗ್ ಮಾಡಿಸಿದೆವು. ಎರಡು ಎತ್ತರದ ಕಂಬ, ನಡುವೆ ಅಡ್ಡ ಪೈಪು. ವೆಲ್ಡಿಂಗಿನವನು, "ಇಷ್ಟು ಎತ್ತರ ಜೋಕಾಲಿ ಯಾರು ಆಡ್ತಾರ್ರಿ?" ಎಂದು ಕೇಳಿದ. ಎರಡೂ ತುದಿಗೆ ತೆಗ್ಗು ತೋಡಿ, ಸಿಮೆಂಟು ಹಾಕಿ ಕಂಬ ಹುಗಿದೆವು. ಸುಣ್ಣದ ಗೆರೆ ಎಳೆದೆವು. ಪುಣೆಯವರು ಭಾನುವಾರ ಬರುವುದೆಂದು ನಿಶ್ಚಯವಾಯಿತು. ಆ ತಿಂಗಳ ಕೊನೆಗೆ ನನ್ನ ನಿವೃತ್ತಿ. ದೇವರು ಇದ್ದಾನೆ ಎಂದುಕೊಂಡೆ.

ಗುರುವಾರ ಮುಂಜಾನೆ ಪ್ರಾರ್ಥನೆಯ ಹೊತ್ತಿಗೆ ಅಲ್ಲಿನ ಕುರಿ ಕಾಯುವವನ ಫೋನು ಬಂತು.

"ಮಾಸ್ತರ, ನಿಮ್ಮ ಗ್ರೌಂಡಿಗೆ ನೀರು ಬಿಟ್ಟಾರ್ರಿ."

ನನ್ನ ಕಣ್ಣು ತುಂಬಿ ಬಂತು. ಧೂಳು ಏಳಬಾರದೆಂದು ಹಳ್ಳಿಯವರು ತಾವಾಗಿಯೇ ನೀರು ಚಿಮುಕಿಸುತ್ತಿದ್ದಾರೆ! "ಬಾಳ ಚಲೋ ಆತಪಾ. ಇನ್ನೊಂದೀಟು ಬಿಡ್ರಿ ಅಂತ ಹೇಳು" ಎಂದೆ.

"ನೀವೇನು ಚಿಂತಿ ಮಾಡಬ್ಯಾಡ್ರಿ. ಕೆರಿ ತುಂಬೂ ತನಕ ಬಿಡ್ತಾರಂತ" ಎಂದ.

ಕೆರೆ ತುಂಬುವ ಯೋಜನೆ. ಇಡೀ ಊರು ವರ್ಷಗಟ್ಟಲೆ ಕಾದಿದ್ದ ಕಾಲುವೆ ನೀರು, ನಾವು ಸುಣ್ಣ ಎಳೆದ ವಾರವೇ ಬಂದಿತ್ತು. ಪುಣೆಯವರಿಗೆ ಫೋನು ಮಾಡಿದೆವು. 'ನೀರು ಒಣಗಿದ ಮೇಲೆ ಹೇಳಿ, ಬರುತ್ತೇವೆ' ಎಂದರು ಪಾಪ.

ಭಾನುವಾರ ನಾಲ್ವರೂ ಏರಿಯ ಮೇಲೆ ನಿಂತಿದ್ದೆವು. ಗೆರೆ ಮುಳುಗಿತ್ತು, ಮೈದಾನ ಮುಳುಗಿತ್ತು, ಕಂಬಗಳು ಮಾತ್ರ ನೀರಿನಿಂದ ತಲೆ ಎತ್ತಿ ನಿಂತಿದ್ದವು. ಹಲಗೆ ಬಾರಿಸುತ್ತ ಊರಿಗೆ ಊರೇ ಬಾಗಿನ ಬಿಡಲು ಬಂದಿತ್ತು. ಹೆಂಗಸರು ಆರತಿ ತಂದಿದ್ದರು, ಮುದುಕರು ಕುಣಿಯುತ್ತಿದ್ದರು. ನೀರು ಬಂದದ್ದಕ್ಕೆ ಬೇಸರ ಪಟ್ಟವರು ಇಡೀ ಜಿಲ್ಲೆಯಲ್ಲಿ ನಾವು ನಾಲ್ವರೇ ಇರಬೇಕು. ಬೇಸರವೇನು, ಬಾಯಿಬಿಟ್ಟು ಅತ್ತೆವು. ನನಗೆ ಆ ಜ್ಯೋತಿಷಿಯ ಮುಖ ಕಂಡಂತಾಯಿತು. ಸಾವಕಾರರಂತೂ ಹೆಗಲ ಮೇಲಿನ ಟವೆಲ್ ಬಾಯಿಗೆ ಹಿಡಿದು ಬಿಕ್ಕುತ್ತಿದ್ದರು.

ಅಂದು ಆಡಲು ಒಪ್ಪಿಗೆ ಕೊಟ್ಟಿದ್ದ ಆ ಹಿರಿಯರು ನಮ್ಮನ್ನು ನೋಡಿ ಕೈಹಿಡಿದು ವೇದಿಕೆಗೆ ಎಳೆದೊಯ್ದರು. ಮೈಕು ಹಿಡಿದು ಹೇಳಿದರು:

"ನೋಡ್ರಿ ಇವರನ್ನ! ಊರು ಇವರದಲ್ಲ, ಕೆರಿ ಇವರದಲ್ಲ. ಆದ್ರೂ ನಮ್ಮ ಕೆರಿಗೆ ನೀರು ಬಂತಂತ ಹೆಂಗ ಅಳಾಕತ್ತಾರ! ಇಂಥಾ ಮಂದಿ ಈ ಕಾಲದಾಗ ಸಿಗತಾರೇನು?"

ನಮಗೆ ಹಾರ ಹಾಕಿದರು. ನನಗೆ ಎರಡು ಮಾತು ಆಡಲು ಹೇಳಿದರು. "ನೀರು ಬಂತು..." ಎಂದೆ. ಅಷ್ಟಕ್ಕೇ ಮೈಕನ್ನು ಹಿರಿಯರ ಕೈಗೆ ಮರಳಿಸಿದೆ. ಚಪ್ಪಾಳೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

೬. ಕರೆಯಲು ಬಂದವರು

ತಿಂಗಳ ಕೊನೆಗೆ ನಿವೃತ್ತನಾದೆ. ಶಾಲೆಯವರು ಶಾಲು ಹೊದಿಸಿದರು. ಕಪಾಟಿನಲ್ಲಿದ್ದ ಆ ಸೊಟ್ಟ ಚೆಂಡನ್ನಾದರೂ ಮನೆಗೆ ಒಯ್ಯಲೇ ಎಂದು ಕೇಳಿದೆ. ಬದಲಿ ಬಂದಿಲ್ಲವಾದ್ದರಿಂದ ಕೊಡಲಾಗದು ಎಂದರು.

ಆಮೇಲೆ ಫೋನಿನಲ್ಲೂ ರಗ್ಬಿ ನೋಡುವುದನ್ನು ಬಿಟ್ಟೆ. ಮೂವರೂ ಹಾಗೆಯೇ. ಅಂಗಡಿಯ ಗಾದಿಯ ಮೇಲೆ ಕೂತು ಚಹಾ ಕುಡಿದು ಸುಮ್ಮನೆ ಎದ್ದು ಬರುತ್ತಿದ್ದೆವು.

ಮೊನ್ನೆ ಬೆಳಿಗ್ಗೆ ಮನೆಯ ಮುಂದೆ ಒಂದು ಜೀಪು ನಿಂತಿತು. ನಾನು ಹಿಂದೆಂದೂ ಕಾಣದ ಹಳ್ಳಿಯ ಐದಾರು ಮಂದಿ ಹಿರಿಯರು, ಕೈಯಲ್ಲಿ ತೆಂಗಿನಕಾಯಿ, ಹಾರ.

"ರಗ್ಬಿ ಮಾಸ್ತರ ಅಂದ್ರ ನೀವೇನ್ರಿ?"

ಮೂವತ್ತು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಹೌದೆಂದೆ.

"ಮಮದಾಪುರದಾಗ ಕಂಬ ಹುಗದೀರಂತಲ್ಲ, ನಮ್ಮೂರಾಗೂ ಹುಗದು ಕೊಡಬೇಕ್ರಿ. ಸಿಮೆಂಟು, ಪೈಪು ಎಲ್ಲಾ ನಮ್ಮದ."

ಕೇಳಿದ್ದು ನಿಜವೋ ಕನಸೋ ತಿಳಿಯಲಿಲ್ಲ. ಊರೂರು ಅಲೆದು ನಾನು ಬೇಡಿಕೊಂಡದ್ದನ್ನು ಒಂದು ಊರು ತಾನಾಗಿಯೇ ಬಂದು ಕೇಳುತ್ತಿತ್ತು. ಆಗಲೇ ಕಿವಿಯಲ್ಲಿ ಆ ಡಿಕ್ಕಿಯ ಸದ್ದು ಕೇಳಿಸಿತು.

"ಜಾಗಾ ಹೆಂಗೈತ್ರಿ? ಸಮ ಐತೇನು?"

"ಅಂಗೈ ಇದ್ದಂಗ ಐತ್ರಿ. ಹದಿನೈದು ವರ್ಷಾತು, ಒಂದು ಹನಿ ನೀರಿಲ್ಲ, ಒಣಗಿ ಬಿದ್ದೈತಿ. ನೀವು ಕಂಬ ಹುಗದ ನಾಕು ದಿನದಾಗ ಮಮದಾಪುರದ ಕೆರಿಗೆ ನೀರು ಬಂತಂತಲ್ಲ! ಈಗ ಅಲ್ಲಿ ಅಡ್ಡ ಪೈಪಿನ ಮಟ ನೀರು ನಿಂತೈತಂತ. ನಮ್ಮ ಕೆರಿಗೂ ಅಷ್ಟು ಬಂದ್ರ ಸಾಕ್ರಿ."

ಆದರೂ ಮನುಷ್ಯನ ಆಸೆ ನೋಡಿ. ಮೆಲ್ಲಗೆ ಕೇಳಿದೆ: "ಕಂಬ ಹುಗೀತೇನಿ. ಆದ್ರ ನೀರು ಬರೂದ್ರಾಗ ಒಂದ ಒಂದು ದಿನ ಆಟ ಆಡಾಕ ಬಿಡ್ತೀರೇನ್ರಿ?"

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ದೊಡ್ಡವರು ನನ್ನ ಕೈಯಲ್ಲಿ ತೆಂಗಿನಕಾಯಿ ಇಟ್ಟು, ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು:

"ಆಟ ಪಾಟ ಏನೂ ಬ್ಯಾಡ್ರಿ ಮಾಸ್ತರ, ನಿಮಗ ಸುಮ್ಮ ತ್ರಾಸ. ಮಮದಾಪುರದಾಗ ಮಾಡಿದಂಗ, ಕಂಬ ಹುಗದು ಏರಿ ಮ್ಯಾಲ ನಿಂತು ಒಂದೀಟು ಅತ್ತು ಹೋದ್ರ ಸಾಕು."