ಬೇರು ಸುಳ್ಳು ಹೇಳುವುದಿಲ್ಲ

ಇಡೀ ಕಚೇರಿಯಲ್ಲಿ ಹೊಟ್ಟೆ ಕೆಡದೆ ಉಳಿದವನು ತಾನೊಬ್ಬನೇ ಎಂದು ವಂಶಾವಳಿ ಜಂಬ ಕೊಚ್ಚಿಕೊಳ್ಳದೆ ಸುಮ್ಮನಿದ್ದಿದ್ದರೆ ಈ ಕತೆಗೆ ಹುಟ್ಟೇ ಇರುತ್ತಿರಲಿಲ್ಲ.

ಮೂರು ವಾರದ ಹಿಂದೆ ಪ್ರಯೋಗಾಲಯದವರೆಲ್ಲ ಸೇರಿ ಕ್ಯಾಂಟೀನಿನಲ್ಲಿ ಊಟ ಮಾಡಿದ್ದರು. ಮಾರನೆಯ ದಿನ ಹನ್ನೊಂದು ಜನರ ಹೊಟ್ಟೆ ಕೆಟ್ಟಿತು. ಕೆಲವರು ರಜೆ ಹಾಕಿದರು. ರಜೆ ಹಾಕದೆ ಬಂದವರು ತಮ್ಮ ಕುರ್ಚಿಯಲ್ಲಿ ಕೂತದ್ದಕ್ಕಿಂತ ಹೆಚ್ಚು ಹೊತ್ತು ಕಾರಿಡಾರಿನ ಕೊನೆಯ ಬಾಗಿಲ ಮುಂದೆ ಸಾಲಾಗಿ ನಿಂತಿದ್ದರು. ವಂಶಾವಳಿ ಮಾತ್ರ ಗುಂಡುಕಲ್ಲಿನಂತೆ ಓಡಾಡಿಕೊಂಡಿದ್ದ. "ಕಲ್ಲು ತಿಂದು ಕರಗಿಸೋ ಹೊಟ್ಟೆ ಕಣ್ರೀ ನಂದು," ಎಂದು ಆ ಸಾಲಿನಲ್ಲಿ ನಿಂತವರಿಗೇ ಹೋಗಿ ಹೇಳಿದ. ಹಾಗೆ ಹೇಳುವುದಕ್ಕೆ ಅದು ಒಳ್ಳೆಯ ಸಮಯವಾಗಿರಲಿಲ್ಲ.

ವಂಶಾವಳಿ ಎನ್ನುವುದು ಸಹೋದ್ಯೋಗಿಗಳು ಇಟ್ಟ ಹೆಸರು. ಬ್ಯಾಕ್ಟೀರಿಯಾಗಳ ವಂಶ ಜಾಲಾಡುವ ತಂತ್ರಾಂಶವೊಂದನ್ನು ಅವನು ಆರು ವರ್ಷ ಕೂತು ಒಬ್ಬನೇ ಬರೆದಿದ್ದ. ಅದಕ್ಕೆ 'ಬೇರು' ಎಂದು ಹೆಸರಿಟ್ಟಿದ್ದ. ಒಂದೊಂದು ಬ್ಯಾಕ್ಟೀರಿಯಾದ ಒಳಗೂ ಜೀನೋಮ್ ಎಂಬ ಬರಹವಿರುತ್ತದೆ. ನಾಲ್ಕೇ ಅಕ್ಷರಗಳನ್ನು ಹಿಂದೆ ಮುಂದೆ ಮಾಡಿ ಬರೆದ ಐವತ್ತು ಲಕ್ಷ ಅಕ್ಷರಗಳ ಬರಹ. ಒಂದು ಬ್ಯಾಕ್ಟೀರಿಯಾ ಎರಡಾಗುವಾಗ ಈ ಬರಹ ನಕಲಾಗುತ್ತದೆ. ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ಒಂದೇ ಥರದ ತಪ್ಪಿನಿಂದ ಹಿಡಿಯುವ ಹಾಗೆ, ಬೇರು ಆ ತಪ್ಪುಗಳನ್ನು ಹೋಲಿಸಿ ಯಾರ ಹೊಟ್ಟೆಯ ಬ್ಯಾಕ್ಟೀರಿಯಾ ಯಾರ ಹೊಟ್ಟೆಯಿಂದ ಬಂತು ಎಂದು ಮರದ ಚಿತ್ರ ಬರೆದು ತೋರಿಸುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆದರೆ ಇದು ಹೆಗ್ಗಣವಲ್ಲ, ನಿಜಕ್ಕೂ ಚೆಲುವಾದ ಕೂಸು. ತೊಂದರೆಯೆಂದರೆ, ಆರು ವರ್ಷದಲ್ಲಿ ಅದನ್ನು ಹೆತ್ತವನ ಹೊರತು ಇನ್ನಾರೂ ಎತ್ತಿಕೊಂಡಿರಲಿಲ್ಲ.

ಇವತ್ತು ಅದರ ಹಣೆಬರಹ ತೀರ್ಮಾನವಾಗುವುದಿತ್ತು. ಊರಿನ ದೊಡ್ಡಾಸ್ಪತ್ರೆಗೆ ಇಂಥದೊಂದು ತಂತ್ರಾಂಶ ಬೇಕಾಗಿತ್ತು. "ನಮ್ಮವರ ಹೊಟ್ಟೆ ಕೆಡಿಸಿದ್ದು ಯಾರು ಅಂತ ನಿಮ್ಮ ಬೇರು ಎಲ್ಲರೆದುರಿಗೆ ಹೇಳ್ಲಿ. ಹೇಳಿದ್ರೆ ಆಸ್ಪತ್ರೆಗೆ ಇವತ್ತೇ ಶಿಫಾರಸು ಬರೀತೀನಿ. ಇಲ್ಲಾಂದ್ರೆ ಅವರು ಹೊರಗಡೆಯದ್ದು ತರಿಸ್ಕೊಳ್ಳಿ," ಎಂದು ಡೈರೆಕ್ಟರು ಹೇಳಿಬಿಟ್ಟಿದ್ದರು.

ಕಾಯಿಲೆ ಬಿದ್ದವರ ಮಾದರಿಗಳನ್ನೂ ಅಡುಗೆ ಮಾಡಿದ ಕ್ಯಾಂಟೀನಿನ ಅಕ್ಕನ ಮಾದರಿಯನ್ನೂ ಆಗಲೇ ತೆಗೆದುಕೊಂಡಾಗಿತ್ತು. ಹೋಲಿಸಿ ನೋಡಲು ಆರೋಗ್ಯವಂತನೊಬ್ಬನದೂ ಬೇಕಿತ್ತು. "ಯಾಕೆ ಹುಡುಕ್ತೀರಿ? ನಾನಿಲ್ವಾ?" ಎಂದು ವಂಶಾವಳಿ ಎದೆ ತಟ್ಟಿಕೊಂಡು ಡಬ್ಬಿ ಈಸಿಕೊಂಡು ಹೋಗಿದ್ದ.

ಬೆಳಿಗ್ಗೆ ಹನ್ನೊಂದಕ್ಕೆ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಡೈರೆಕ್ಟರು. ಅವರ ಪಕ್ಕದಲ್ಲಿ ಸ್ಟೋರ್ ಕೀಪರ್. ಕರೆಯದ ಕಡೆಗೆ ಬಂದು ಕೇಳದ ಸಲಹೆ ಕೊಡುವುದು ಅವನ ಹುಟ್ಟುಗುಣ. ಇನ್ನೊಂದು ತುದಿಯಲ್ಲಿ ಕೈಕಟ್ಟಿ ಬಿಗಿದುಕೊಂಡು ಕ್ಯಾಂಟೀನಿನ ಅಕ್ಕ. ಮೂರು ವಾರದಿಂದ ಎಲ್ಲರೂ ತನ್ನತ್ತಲೇ ಬೆರಳು ತೋರಿಸುತ್ತಿದ್ದರೆಂದು ಅವಳು ಕುದಿಯುತ್ತಿದ್ದಳು.

ಪರದೆಯ ಮೇಲೆ ಬರೀ ಕಪ್ಪು. ಮೂಲೆಯಲ್ಲಿ ಮಿಣುಕುವ ಒಂದು ಗೆರೆ.

"ಮೊದ್ಲು ಕಂಪ್ಯೂಟರ್ ಆನ್ ಮಾಡ್ರೀ," ಎಂದರು ಡೈರೆಕ್ಟರು.

"ಆನ್ ಆಗಿದೆ ಸಾರ್. ಇದೇ ಬೇರು."

"ಇದಾ? ಬಟನ್ ಎಲ್ಲಿ?"

"ಬಟನ್ ಇಲ್ಲ ಸಾರ್. ಟೈಪ್ ಮಾಡ್ಬೇಕು."

"ಆರು ವರ್ಷ ಏನ್ಮಾಡ್ತಿದ್ರಿ? ಒಂದು ಬಟನ್ ಕೂರಿಸೋಕ್ಕಾಗ್ಲಿಲ್ವಾ?" ಎಂದು ಸ್ಟೋರ್ ಕೀಪರ್ ಕೊಕ್ಕೆ ಹಾಕಿದ. "ನನ್ನ ಕೇಳಿದ್ರೆ ಕೆಂಪು ಬಣ್ಣದ್ದು ಹಾಕ್ಸಿ ಅಂತಿದ್ದೆ."

ವಂಶಾವಳಿ ಹಲ್ಲುಕಚ್ಚಿಕೊಂಡು ಟೈಪ್ ಮಾಡಿದ. ಎರಡು ಸಲ ತಪ್ಪಾಯಿತು. ಮೂರನೆಯ ಸಲ ಕೆಲಸ ಶುರುವಾಗಿ, ಪರದೆಯ ಮೇಲೆ ಅಂಕಿಗಳು ಏರತೊಡಗಿದವು. ಇಪ್ಪತ್ತು ಶೇಕಡಾ. ಐವತ್ತು. ತೊಂಬತ್ತೆರಡು. ಆಮೇಲೆ ಪರದೆ ಸತ್ತುಹೋಯಿತು.

ಎಲ್ಲರೂ ಗೋಡೆಯತ್ತ ತಿರುಗಿದರು. ಅಲ್ಲಿ ಸ್ಟೋರ್ ಕೀಪರ್ ಕಂಪ್ಯೂಟರಿನ ಪ್ಲಗ್ ಕಿತ್ತು ತನ್ನ ಮೊಬೈಲಿನ ಚಾರ್ಜರ್ ಚುಚ್ಚುತ್ತಿದ್ದ. "ತೊಂಬತ್ತೆರಡು ಆಗಿತ್ತಲ್ಲ, ಇನ್ನೆಂಟು ತಾನೇ, ಸಾಕಾಗುತ್ತೆ ಅಂದ್ಕೊಂಡೆ," ಎಂದ.

ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಮತ್ತೆ ನಲವತ್ತು ನಿಮಿಷ. ಹಿಂದಿನ ಸಾಲಿನಲ್ಲಿ ಗೊರಕೆ ಕೇಳಿಸಿತು.

"ಬೇಗ ಹೇಳಪ್ಪಾ ತಮ್ಮಾ, ನಾನೋ ಅಲ್ವೋ ಅಂತ. ಒಲೆ ಮೇಲೆ ಪಾತ್ರೆ ಇಟ್ಟು ಬಂದಿದ್ದೀನಿ," ಎಂದಳು ಅಕ್ಕ.

"ನದೀಮೂಲ, ಋಷಿಮೂಲ ಹುಡುಕಬಾರದು ಅಂತಾರೆ," ಎಂದು ಸ್ಟೋರ್ ಕೀಪರ್ ತತ್ವ ಹೇಳಿದ. "ಇವ್ರು ಭೇದಿಮೂಲ ಹುಡುಕ್ತಿದ್ದಾರೆ!"

ಸಭೆ ಗೊಳ್ಳೆಂದು ನಕ್ಕಿತು. ವಂಶಾವಳಿಗೆ ರೇಗಿಹೋಯಿತು. ಎದ್ದು ನಿಂತು ಹೇಳಿದ: "ನಗಿ, ನಗಿ. ಮನುಷ್ಯರ ಮಾತು ನೂರಿರ್ತವೆ. ಬೇರು ಹೇಳೋದು ಒಂದೇ, ಅದು ನಿಜ. ಅದು ಯಾರ ಹೆಸರು ಹೇಳಿದ್ರೂ ಒಪ್ಕೊಳ್ಳೋ ಧೈರ್ಯ ನಿಮಗಿರ್ಬೇಕು, ಅಷ್ಟೇ!"

ಅಷ್ಟರಲ್ಲಿ ಪರದೆಯ ಮೇಲೆ ಮರ ಮೂಡಿತು. ಎಂಥ ಅಂದವಾದ ಮರ! ಒಂದು ಕೊಂಬೆಯೂ ಸೊಟ್ಟಗಿರಲಿಲ್ಲ. ಹನ್ನೊಂದು ರೋಗಿಗಳೂ ಒಂದೇ ಗೊಂಚಲಿನಲ್ಲಿ ತೂಗುತ್ತಿದ್ದರು. ಕ್ಯಾಂಟೀನಿನ ಅಕ್ಕನ ಕೊಂಬೆ ಅವರ ಸಂಬಂಧವೇ ಬೇಡವೆಂಬಂತೆ ದೂರದಲ್ಲಿತ್ತು. ಗೊಂಚಲಿನ ಬುಡದಲ್ಲಿ, ಎಲ್ಲ ಕೊಂಬೆಗಳೂ ಹುಟ್ಟುವ ಜಾಗದಲ್ಲಿ ಒಂದೇ ಒಂದು ಹೆಸರಿತ್ತು. ಅದು ವಂಶಾವಳಿಯದು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹಳೆಯ ಮಾತು. ಇಲ್ಲಿ ಕಳ್ಳನನ್ನು ಹಿಡಿಯಲು ಹೊರಟವನ ಹೆಗಲ ಮೇಲೆಯೇ ಕುಂಬಳಕಾಯಿ ಕೂತಿತ್ತು.

"ಏನ್ರೀ ಇದು?" ಎಂದರು ಡೈರೆಕ್ಟರು. "ನಿಮ್ಮ ತಂತ್ರಾಂಶಕ್ಕೆ ತಲೆ ಕೆಟ್ಟಿದೆಯೋ, ಅಥವಾ..."

ಅವನ ಮುಂದೆ ಇದ್ದದ್ದು ಎರಡೇ ದಾರಿ. ತಾನು ನಿರಪರಾಧಿಯಾದರೆ ಬೇರು ಸುಳ್ಳಾಗುತ್ತದೆ. ಬೇರು ನಿಜವಾದರೆ ತಾನು ಹನ್ನೊಂದು ಹೊಟ್ಟೆಗಳ ಶತ್ರುವಾಗುತ್ತಾನೆ. ಅವನು ಒಮ್ಮೆ ಪರದೆಯನ್ನು ನೋಡಿದ. ಆ ಮರ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ಕಡಿಯುವ ಮನಸ್ಸು ಅವನಿಗೆ ಬರಲಿಲ್ಲ.

"ಬೇರಿಗೆ ಏನೂ ಆಗಿಲ್ಲ ಸಾರ್," ಎಂದ. "ನಾನೇ. ರೋಗಾಣು ನನ್ನೊಳಗಿದೆ, ಆದ್ರೆ ನನಗೆ ಕಾಯಿಲೆ ಮಾಡಿಲ್ಲ. ಹಾಗೂ ಇರುತ್ತೆ. ನನ್ನ ಕೈಯಿಂದ ಎಲ್ಲರಿಗೂ ಹೋಗಿದೆ."

"ಹೇಗ್ ಹೋಯ್ತು?"

ಆಗ ಒಂದು ವಿಚಿತ್ರ ನಡೆಯಿತು. ಬೇರು ಹೇಳಿದ ಮೇಲೆ ಎಲ್ಲವೂ ಅವನಿಗೆ ನೆನಪಾಗತೊಡಗಿತು. "ಅವತ್ತು ನಲ್ಲೀಲಿ ನೀರು ಬರ್ತಿರ್ಲಿಲ್ಲ. ಕೈಯನ್ನ ಪ್ಯಾಂಟಿಗೆ ಒರೆಸ್ಕೊಂಡೆ. ಎರಡನೇ ಸಲ ಬಡಿಸ್ಕೊಳ್ಳೋಕೆ ಹೋದಾಗ ಸೌಟು ಸಿಗ್ಲಿಲ್ಲ. ಪಾತ್ರೆಗೇ ಕೈ ಹಾಕ್ದೆ." ಹೇಳುತ್ತಾ ಹೋದಂತೆ ಪಾತ್ರೆಯ ಬಿಸಿ ಕೂಡ ಬೆರಳಿಗೆ ತಾಗಿದಂತಾಯಿತು.

ಮೊದಲು ಚಪ್ಪಾಳೆ ತಟ್ಟಿದವಳು ಕ್ಯಾಂಟೀನಿನ ಅಕ್ಕ. "ಬರ್ದವನನ್ನೇ ಹಿಡ್ಕೊಡ್ತಲ್ಲ, ಅದಪ್ಪಾ ಯಂತ್ರ ಅಂದ್ರೆ!" ಎಂದಳು. ಆಮೇಲೆ ಇಡೀ ಸಭೆ ತಟ್ಟಿತು. ಡೈರೆಕ್ಟರು ಕೈ ತೊಳೆಯುವುದರ ಮಹತ್ವದ ಬಗ್ಗೆ ಕಾಲು ಗಂಟೆ ಭಾಷಣ ಮಾಡಿದರು. ಅಲ್ಲೇ ಶಿಫಾರಸಿಗೆ ಸಹಿ ಹಾಕಿ ಮರದ ಚಿತ್ರದ ಸಮೇತ ಆಸ್ಪತ್ರೆಗೆ ಕಳಿಸಿದರು. ವಂಶಾವಳಿಗೆ ಎರಡು ವಾರ ಕಚೇರಿಯೊಳಗೆ ಕಾಲಿಡಬಾರದೆಂದು ಆಜ್ಞೆಯಾಯಿತು. ಮಾರನೆಯ ದಿನ ಬರುವ ಆಸ್ಪತ್ರೆಯವರಿಗೆ ಬೇರನ್ನು ತೋರಿಸುವ ಹೊಣೆ ಸ್ಟೋರ್ ಕೀಪರಿಗೆ ಹೋಯಿತು, ಪ್ಲಗ್ ಎಲ್ಲಿದೆಯೆಂದು ಅವನಿಗೆ ಗೊತ್ತಿದ್ದುದರಿಂದ.

ಆದರೂ ವಂಶಾವಳಿ ತಲೆಯೆತ್ತಿಕೊಂಡೇ ತನ್ನ ಮೇಜು ಖಾಲಿ ಮಾಡುತ್ತಿದ್ದ. ಆಗ ಲ್ಯಾಬಿನ ಅಮ್ಮ ಬಾಗಿಲಲ್ಲಿ ಬಂದು ನಿಂತರು. ಇಪ್ಪತ್ತಾರು ವರ್ಷದಿಂದ ಗಾಜಿನ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಾ ಬಂದಿದ್ದ ಅವರ ಮುಖ ಬಾಡಿತ್ತು.

"ಒಂದು ತಪ್ಪಾಗಿದೆ ಕಣಪ್ಪಾ," ಎಂದರು. "ನಿನ್ನ ಮಾದರೀಲಿ ಏನೂ ಬೆಳೀಲಿಲ್ಲ. ನೀನು ನೋಡಿದ್ರೆ ಬೆಳಿಗ್ಗೆಯೊಳಗೆ ಬೇಕೇ ಬೇಕು ಅಂತ ಕುಣೀತಿದ್ದೆ. ಆರೋಗ್ಯವಂತರದ್ದು ಯಾರದಾದ್ರೇನು ಅಂತ, ವರ್ಷದ ತಪಾಸಣೆಗೆ ಬಂದಿದ್ದ ಇನ್ನೊಂದು ಡಬ್ಬಿ ತಗೊಂಡೆ. ಚೀಟಿ ನಿನ್ನ ಹೆಸರಲ್ಲೇ ಉಳೀತು."

"ಯಾರದಮ್ಮ ಆ ಡಬ್ಬಿ?"

ಅಮ್ಮ ಮೇಲಿನ ಮಹಡಿಯತ್ತ ಕಣ್ಣು ತೋರಿಸಿದರು. ಅಲ್ಲಿದ್ದದ್ದು ಡೈರೆಕ್ಟರ ಕೋಣೆ. ಅವತ್ತಿನ ಊಟದಲ್ಲಿ ಪಂಕ್ತಿಯ ಉದ್ದಕ್ಕೂ ತಾವೇ ಓಡಾಡಿ ಬಡಿಸಿದ್ದವರು ಅವರು. ಹೊಟ್ಟೆ ಹೇಗಿದೆ ಎಂದು ಅವರನ್ನು ಕೇಳುವ ಧೈರ್ಯ ಮಾತ್ರ ಯಾರಿಗೂ ಬಂದಿರಲಿಲ್ಲ.

"ನನ್ನ ಹೆಸರು ಹೇಳ್ಬೇಡಪ್ಪಾ. ರಿಟೈರ್ ಆಗೋಕೆ ಎಂಟು ತಿಂಗಳಿದೆ," ಎಂದರು ಅಮ್ಮ.

ವಂಶಾವಳಿ ಮೆಟ್ಟಿಲು ಹತ್ತಿ ಓಡಿದ. ಏದುಸಿರು ಬಿಡುತ್ತಾ, ಅಮ್ಮನ ಹೆಸರೊಂದನ್ನು ನುಂಗಿಕೊಂಡು ಡಬ್ಬಿ ಬದಲಾದದ್ದನ್ನು ಹೇಳಿದ.

"ಸರಿ, ಅದು ನಿಮ್ದಲ್ಲ ಅಂತೀರಿ," ಎಂದರು ಡೈರೆಕ್ಟರು. "ಹಾಗಾದ್ರೆ ಯಾರದ್ದು?"

"ನಿಮ್ದು ಸಾರ್."

ಡೈರೆಕ್ಟರು ಮೇಜು ಕುಟ್ಟಿ ಕುಟ್ಟಿ ನಕ್ಕರು. "ನಂದಾ! ನನ್ನ ಹೊಟ್ಟೆಗೆ ಏನೂ ಆಗಿಲ್ವಲ್ರೀ! ಎಲ್ಲರೆದುರಿಗೆ ಒಪ್ಕೊಂಡ್ಮೇಲೆ ನಾಚಿಕೆ ಆಗಿರ್ಬೇಕು ನಿಮಗೆ. ಅರ್ಥ ಆಗುತ್ತೆ." ನಗು ನಿಲ್ಲಿಸಿ ಅವರು ಗಂಭೀರರಾದರು. "ಆದ್ರೆ ಒಂದ್ಮಾತು. ಬೇರಿನ ಮೇಲೆ ಗೂಬೆ ಕೂರಿಸ್ಬೇಡಿ. ಅದರ ಕೆಲಸ ನಾನು ಕಣ್ಣಾರೆ ನೋಡಿದ್ದೀನಿ. ಬರ್ದವರು ನೀವೇ ಇರ್ಬಹುದು, ಆದ್ರೂ ಅದನ್ನ ಅನುಮಾನಿಸಿದ್ರೆ ನಾನು ಸಹಿಸೋದಿಲ್ಲ. ಇಂಥ ತಂತ್ರಾಂಶ ಇನ್ನೆಲ್ಲೂ ಇಲ್ಲ ಕಣ್ರೀ!"

"ಆದ್ರೆ ಸಾರ್..."

"ಹೋಗಿ, ವಿಶ್ರಾಂತಿ ತಗೊಳ್ಳಿ. ನಾಳೆ ಬರೋ ಆಸ್ಪತ್ರೆಯವರ ಊಟದ ಚಿಂತೆ ನಿಮಗೆ ಬೇಡ. ನಾನೇ ನನ್ನ ಕೈಯಾರೆ ಬಡಿಸ್ತೀನಿ. ಹೆಚ್ಚುಕಮ್ಮಿ ಆದ್ರೆ ಯಾರಿಂದ ಅಂತ ಹೇಳೋಕೆ ಬೇರು ಇದ್ದೇ ಇದೆಯಲ್ಲ!"

ಬೇರು ಆಗ ಯಾರ ಹೆಸರು ಹೇಳುತ್ತದೆ ಎನ್ನುವುದು ವಂಶಾವಳಿಗೆ ಗೊತ್ತಿತ್ತು. ಆ ಬ್ಯಾಕ್ಟೀರಿಯಾದ ಮೇಲಿದ್ದದ್ದು ಅವನದೇ ಚೀಟಿ. ಅದು ಸಹಿಯ ಸಮೇತ ಆಸ್ಪತ್ರೆಗೂ ಹೋಗಿ ಕೂತಿತ್ತು. ಊರಲ್ಲಿ ಇನ್ನು ಮುಂದೆ ಡೈರೆಕ್ಟರಿಂದ ಯಾರ ಹೊಟ್ಟೆ ಕೆಟ್ಟರೂ ಬುಡದಲ್ಲಿ ಅವನ ಹೆಸರೇ ಮೂಡುತ್ತದೆ. ಅವನಿಗೆ ಅಳು ಬರಬೇಕಿತ್ತು, ಇಲ್ಲವೇ ಸಿಟ್ಟು ಬರಬೇಕಿತ್ತು. ಆದರೆ ಆರು ವರ್ಷದಲ್ಲಿ ಅವನ ಕೂಸಿನ ಪರವಾಗಿ ಯಾರೂ ಹೀಗೆ ಎದೆ ಕೊಟ್ಟು ನಿಂತಿರಲಿಲ್ಲ. ಹೆಮ್ಮೆಯಿಂದ ಕಣ್ಣು ಒದ್ದೆಯಾಯಿತು.

"ಥ್ಯಾಂಕ್ಸ್ ಸಾರ್," ಎಂದ.

ಡೈರೆಕ್ಟರು ಪ್ರೀತಿಯಿಂದ ಬಲಗೈ ಚಾಚಿದರು. ವಂಶಾವಳಿ ಅದನ್ನು ತನ್ನ ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದು ಕುಲುಕಿದ.